ಮೊದಲ ಪ್ಯಾರಾ ಕತ್ತರಿಗೆ

ಮೇಷ್ಟ್ರು ಯಾರ ಕಥೆಯ ಮೊದಲ ಪ್ಯಾರಾವನ್ನೂ ಓದುತ್ತಿರಲಿಲ್ಲ, ಕತ್ತರಿಸುತ್ತಿದ್ದರು. ಅದೂ ಸಣ್ಣಪುಟ್ಟ ಕತ್ತರಿಯಲ್ಲ. ಕೆಳಗಿನ ಟೈಲರಿಂಗ್ ಅಂಗಡಿಯಿಂದ ತಂದ, ದಪ್ಪ ಕೋಟಿನ ಬಟ್ಟೆಯನ್ನೂ ಒಂದೇ ಏಟಿಗೆ ಸೀಳುವಂಥ, ಎತ್ತಿದರೆ ಮಣಿಕಟ್ಟು ನೋಯುವಂಥ ಕತ್ತರಿ. ಶಿಷ್ಯರು ಹಾಳೆ ಮುಂದಿಟ್ಟ ಕೂಡಲೇ ಮೇಷ್ಟ್ರು ಕಣ್ಣನ್ನು ಅರೆಮುಚ್ಚಿ, ಮೊದಲ ಪ್ಯಾರಾ ಎಲ್ಲಿಗೆ ಮುಗಿಯಿತು ಎಂಬುದನ್ನಷ್ಟೇ ನೋಡಿ, ಕರಕ್ಕೆಂದು ಅಡ್ಡಲಾಗಿ ಕತ್ತರಿಸಿ ಮೇಲಿನ ತುಂಡನ್ನು ನೆಲಕ್ಕೆ ಬಿಡುತ್ತಿದ್ದರು. "ಹ್ಞಾಂ, ಈಗ ಶುರುವಾಯ್ತು ನಿಮ್ಮ ಕಥೆ. ಓದಿ" ಎನ್ನುತ್ತಿದ್ದರು.

ಓದದೆ ಕತ್ತರಿಸುವುದೇ ಅವರ ಹೆಮ್ಮೆ. "ಓದಿದ್ರೆ ಕನಿಕರ ಬರುತ್ತೆ. ಕನಿಕರ ಬಂದ್ರೆ ಕೈ ನಡುಗುತ್ತೆ. ಮೊದಲ ಪ್ಯಾರಾ ಅಂದ್ರೆ ಬಾಗಿಲಲ್ಲಿ ಚಪ್ಪಲಿ ಬಿಡೋದು ಕಣ್ರೀ. ಚಪ್ಪಲಿ ಹಾಕ್ಕೊಂಡೇ ನಡುಮನೆಗೆ ಬರ್ತೀರಾ?"

ಕೈಯಲ್ಲಿ ಅಷ್ಟು ದೊಡ್ಡ ಕತ್ತರಿ ಹಿಡಿದವರ ಹತ್ತಿರ ವಾದ ಮಾಡುವುದಕ್ಕೆ ಯಾರಿಗೆ ಧೈರ್ಯ!

ಕ್ಲಾಸು ನಡೆಯುತ್ತಿದ್ದುದು ಮೇಷ್ಟ್ರ ಅಕ್ಕನ ಟೈಲರಿಂಗ್ ಅಂಗಡಿಯ ಮೇಲಿನ ರೂಮಿನಲ್ಲಿ. ಗೋಡೆಗೆ ಒರಗಿಸಿದ ಬಟ್ಟೆಯ ಥಾನುಗಳು, ಮೂಲೆಯಲ್ಲಿ ತಲೆಯಿಲ್ಲದ ಎರಡು ಬೊಂಬೆಗಳು, ತಿರುಗುವುದಕ್ಕಿಂತ ಹೆಚ್ಚು ನರಳುವ ಒಂದು ಫ್ಯಾನು, ಒಂದು ಉದ್ದನೆಯ ಮೇಜು. ಕಥೆ ಬರೆಯುವುದನ್ನು ಕಲಿಯೋಣವೆಂದು ಹೊಸಬರು ಬಂದರೆ ಮೊದಲು ಕತ್ತರಿಯನ್ನು ನೋಡುತ್ತಿದ್ದರು, ಆಮೇಲೆ ತಲೆಯಿಲ್ಲದ ಬೊಂಬೆಗಳನ್ನು ನೋಡುತ್ತಿದ್ದರು, ಮುಂದಿನ ವಾರ ಬರುತ್ತಿರಲಿಲ್ಲ. ಜಪ್ಪಯ್ಯ ಅಂದರೂ ಜಾಗ ಬಿಡದೆ ಉಳಿದವರು ಮೂವರೇ.

ಒಬ್ಬರು ಹಲ್ಲಿನ ಡಾಕ್ಟರು. ದಿನವಿಡೀ ಬೇರೆಯವರ ಬಾಯೊಳಗೆ ಇಣುಕಿ ಬೇಸತ್ತು, ರಾಜರ ಕಥೆ ಬರೆಯುತ್ತಿದ್ದರು. ಅವರ ರಾಜರು ಸಿಂಹಾಸನದಿಂದ ಏಳುವುದಕ್ಕೇ ಎರಡು ಪುಟ ತೆಗೆದುಕೊಳ್ಳುತ್ತಿದ್ದರು. ಇನ್ನೊಬ್ಬ ಲಿಫ್ಟ್ ರಿಪೇರಿಯವನು. ಅವನದು ಬೆಳದಿಂಗಳಿನ ಪ್ರೇಮಕಥೆ. ಆ ಕಥೆಯಲ್ಲಿ ಚಂದ್ರ ಬಿಟ್ಟು ಬೇರೆ ಯಾರೂ ಏನೂ ಮಾಡುತ್ತಿರಲಿಲ್ಲ. ಮೂರನೆಯವರು ಬ್ಯಾಂಕಿನ ಕ್ಯಾಷಿಯರಮ್ಮ. ಮುಖ ನೋಡಿದರೆ ಇರುವೆಗೂ ಕೆಟ್ಟದ್ದು ಬಯಸದ ಹೆಂಗಸು, ಪೆನ್ನು ಹಿಡಿದರೆ ಸಾಕ್ಷಾತ್ ಮಾರಿ. ಅವರ ಕಥೆಯಲ್ಲಿ ಎಲ್ಲರೂ ಸಾಯುತ್ತಿದ್ದರು, ಕೊನೆಗೆ ಅಳುವುದಕ್ಕೂ ಒಬ್ಬರು ಉಳಿಯುತ್ತಿರಲಿಲ್ಲ.

"ಕೇಳೋರು 'ಆಮೇಲೆ?' ಅಂತ ಕೇಳಿದ್ರೆ ಅದು ಕಥೆ," ಎಂದು ಮೇಷ್ಟ್ರು ಮೊದಲ ದಿನವೇ ಹೇಳಿಕೊಟ್ಟಿದ್ದರು. "'ಚೆನ್ನಾಗಿದೆ' ಅಂದ್ರೆ ಎದ್ದು ಹೋಗೋಕೆ ದಾರಿ ಹುಡುಕ್ತಿದಾರೆ ಅಂತ ಅರ್ಥ." ಪಾಠವೇನೋ ಸರಿಯಾದದ್ದೇ. ಆದರೆ ಆ ರೂಮಿನಲ್ಲಿ ಪ್ರತಿ ವಾರವೂ ಮೂವರೂ ಒಬ್ಬರಿಗೊಬ್ಬರು "ಚೆನ್ನಾಗಿದೆ, ಚೆನ್ನಾಗಿದೆ" ಎಂದುಕೊಂಡು ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. "ಆಮೇಲೆ?" ಎಂದು ಒಂದು ನರಪಿಳ್ಳೆಯೂ ಕೇಳಿದ್ದಿಲ್ಲ.

ಮೇಷ್ಟ್ರು ಸುಮ್ಮನೆ ಬಾಯಿಮಾತಿನವರೇನಲ್ಲ. ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಒಂದು ಕಾದಂಬರಿ ಬರೆದು ಅಚ್ಚು ಹಾಕಿಸಿದ್ದರು. ಎರಡನೆಯದನ್ನು ಬರೆಯುವುದಕ್ಕೆಂದು ಪ್ರತಿದಿನ ಬೆಳಿಗ್ಗೆ ಈ ಮೇಜಿಗೇ ಬಂದು ಕೂರುತ್ತಿದ್ದರು. ಬರೆಯುತ್ತಲೂ ಇದ್ದರು. ಬರೆದು ಮುಗಿಸಿ, ಶಿಷ್ಯರಿಗೊಂದು ನ್ಯಾಯ ತನಗೊಂದು ನ್ಯಾಯ ಸಲ್ಲದೆಂದು, ಮೊದಲ ಪ್ಯಾರಾ ಕತ್ತರಿಸಿ ನೆಲಕ್ಕೆ ಬಿಡುತ್ತಿದ್ದರು. ಆಗ ಎರಡನೆಯ ಪ್ಯಾರಾ ಮೊದಲನೆಯದಾಗುತ್ತಿತ್ತು. ಮಾರನೆಯ ದಿನ ಅದಕ್ಕೂ ಕತ್ತರಿ. ಹೀಗೆ ಕಾದಂಬರಿ ಮುಂದೆ ಬೆಳೆದಷ್ಟೂ ಹಿಂದಿನಿಂದ ಕರಗುತ್ತ, ವರ್ಷಗಟ್ಟಲೆ ಅರ್ಧ ಪುಟಕ್ಕಿಂತ ಮೇಲೆ ಏಳಲೇ ಇಲ್ಲ. ಇದರಲ್ಲಿ ಏನೋ ಎಡವಟ್ಟಿದೆ ಎಂದು ಅವರಿಗೆ ಅನ್ನಿಸದೇ ಇರಲಿಲ್ಲ. ಆದರೆ ಏನೆಂದು ಕುಳಿತು ಯೋಚಿಸುವಷ್ಟರಲ್ಲಿ ಕೈ ತಾನಾಗಿಯೇ ಕತ್ತರಿಗೆ ಹೋಗುತ್ತಿತ್ತು.

ನೆಲಕ್ಕೆ ಬಿದ್ದ ಕಾಗದವನ್ನೆಲ್ಲ ಅಕ್ಕ ಗುಡಿಸುತ್ತಿದ್ದಳು. ಅವಳ ಕೈಯಲ್ಲಿ ಒಂದು ದಾರದ ಎಳೆಯೂ ದಂಡವಾಗುವ ಹಾಗಿಲ್ಲ. ಬಟ್ಟೆಯ ಚಿಂದಿ, ಕಾಗದದ ಚೂರು ಎರಡನ್ನೂ ಸೇರಿಸಿ ಮೇಷ್ಟ್ರ ಕುರ್ಚಿಯ ದಿಂಬಿನ ಹೊಲಿಗೆ ಬಿಚ್ಚಿ, ತುರುಕಿ, ಮತ್ತೆ ಹೊಲಿಯುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಆ ದಿಂಬು ಉಬ್ಬಿ ಉಬ್ಬಿ ಈಗ ಮೇಷ್ಟ್ರು ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಶಿಷ್ಯರ ಮುಂದೆ ಕಾಲು ಅಲ್ಲಾಡಿಸುತ್ತ ಎತ್ತರದಲ್ಲಿ ಕೂರುವುದು ಅವರಿಗೆ ಹಿತವಾಗಿಯೇ ಇತ್ತು.

ಇಂಥ ಅಕ್ಕ ಒಂದು ದಿನ ಊಟ ಬಡಿಸುತ್ತ, ತಟ್ಟೆಯನ್ನು ಠಣ್ಣೆಂದು ಇಟ್ಟು ಹೇಳಿಯೇಬಿಟ್ಟಳು.

"ನೋಡಪ್ಪ, ಸ್ಕೂಲ್ ಯೂನಿಫಾರಂದು ದೊಡ್ಡ ಆರ್ಡರ್ ಬಂದಿದೆ. ಹೊಸದಾಗಿ ಎರಡು ಮೆಷಿನ್ ತಗೋತಿದೀನಿ. ಇಡೋಕೆ ಮೇಲಿನ ರೂಮ್ ಬೇಕು."

"ಅಕ್ಕ, ನನ್ನ ಕ್ಲಾಸು?"

"ನಿನ್ನ ಕ್ಲಾಸಿಂದ ಇಷ್ಟು ವರ್ಷದಲ್ಲಿ ಒಂದೇ ಒಂದು ಕಥೆ ಅಚ್ಚಾಯ್ತಾ? ಹೇಳು. ಒಂದಾಗಿದೆ ಅಂತ ತೋರಿಸು, ಮೆಷಿನ್ನ ನನ್ನ ತಲೆ ಮೇಲೆ ಇಟ್ಕೊಂಡು ಹೊಲೀತೀನಿ."

ಮೇಷ್ಟ್ರು ಕಲಸಿದ ಅನ್ನವನ್ನು ತಟ್ಟೆಗೇ ಬಿಟ್ಟರು. ಆ ರೂಮು ಹೋದರೆ ಅವರಿಗೆ ಉಳಿಯುವುದೇನು? ಬೆಳಗಿನ ಹೊತ್ತು ಎಲ್ಲಿ ಕೂರಬೇಕು? "ಮೇಷ್ಟ್ರೇ" ಎಂದು ಯಾರು ಕರೆಯಬೇಕು? ಬರೆಯದ ಬರಹಗಾರನನ್ನು ಜನ ಮರೆತಿದ್ದರು, ಪರವಾಗಿಲ್ಲ. ಕಲಿಸುವವನೂ ಅಲ್ಲವೆಂದಾದರೆ ತಾನು ಅಕ್ಕನ ಮನೆಯಲ್ಲಿ ಕಾಲಕ್ಕೆ ಸರಿಯಾಗಿ ಉಣ್ಣುವ ತಮ್ಮ, ಅಷ್ಟೇ. ಅವರಿಗೆ ನಿಜವಾಗಿಯೂ ಭಯವಾಯಿತು.

ವಿಷಯ ತಿಳಿದು ಹಲ್ಲಿನ ಡಾಕ್ಟರು ಟೊಂಕ ಕಟ್ಟಿದರು. ಅದೇ ವಾರ ಒಂದು ವಾರಪತ್ರಿಕೆಯ ಕಥಾವಿಭಾಗದ ಸಂಪಾದಕಿ ಹಲ್ಲುನೋವೆಂದು ಅವರಲ್ಲಿಗೆ ಬಂದಿದ್ದರು. ಬಾಯಿ ತುಂಬ ಹತ್ತಿ ತುಂಬಿಸಿಕೊಂಡು ಮಲಗಿದ್ದಾಗ ಡಾಕ್ಟರು, "ನಮ್ಮ ಕ್ಲಾಸಿಗೆ ಬಂದು ಮೂರು ಕಥೆ ಕೇಳ್ತೀರಾ ಮೇಡಂ? ಒಂದಾದ್ರೂ ಹಾಕೋ ಥರ ಇದ್ರೆ ಹಾಕಿ" ಎಂದು ಕೇಳಿದರು. ಸಂಪಾದಕಿ "ಆಂ ಆಂ" ಎಂದರು. ಅದು ಒಪ್ಪಿಗೆಯೋ ನೋವೋ ದೇವರಿಗೇ ಗೊತ್ತು. ಡಾಕ್ಟರು ಒಪ್ಪಿಗೆ ಎಂದೇ ಹಿಡಿದರು. ಪಾಪ, ಒಳ್ಳೆಯ ಹೆಂಗಸು. ಮಾತಿಗೆ ತಪ್ಪಬಾರದೆಂದು, ತಾನು ಆಡದ ಆ ಮಾತಿಗೂ ತಪ್ಪದೆ ಬಂದರು.

ಈಗ ಮೇಷ್ಟ್ರಿಗೆ ಗೊತ್ತಿಲ್ಲದ ಒಂದು ವಿಷಯವನ್ನು ಹೇಳಲೇಬೇಕು. ಇದನ್ನು ಶುರುಮಾಡಿದವರು ಕ್ಯಾಷಿಯರಮ್ಮ. ಹೇಗೂ ಕತ್ತರಿಗೆ ಹೋಗುವ ಪ್ಯಾರಾಕ್ಕೆ ಯಾಕೆ ಮೈಮುರಿದು ಕೆಲಸ ಮಾಡಬೇಕು? ಅಸಲು ಕಥೆಯನ್ನು ಎರಡನೆಯ ಪ್ಯಾರಾದಿಂದ ಶುರುಮಾಡಿ, ಮೇಲೆ ಬಾಯಿಗೆ ಬಂದದ್ದನ್ನು ಗೀಚಿದರೆ ಸಾಕಲ್ಲ! ಗುಟ್ಟು ಡಾಕ್ಟರಿಗೆ ಹೋಯಿತು, ಡಾಕ್ಟರಿಂದ ಲಿಫ್ಟಿನವನಿಗೆ ಹೋಯಿತು. ಮೂವರೂ ಅದಕ್ಕೆ 'ಕತ್ತರಿ ಪ್ಯಾರಾ' ಎಂದು ಹೆಸರಿಟ್ಟರು. ಅದನ್ನು ಮೇಷ್ಟ್ರು ಓದುವುದಿಲ್ಲ, ಜಗತ್ತು ಓದುವುದಿಲ್ಲ, ಬರೆದವರೂ ಮತ್ತೆ ಓದುವುದಿಲ್ಲ. ಹಾಗಾಗಿ ಮನೆಯಲ್ಲಿ ಹೇಳಲಾಗದ್ದು, ಕೆಲಸದಲ್ಲಿ ಹೇಳಬಾರದ್ದು ಎಲ್ಲ ಅಲ್ಲಿಗೇ ಬರುತ್ತಿತ್ತು. ಸಂಪಾದಕಿ ಬರುವ ದಿನಕ್ಕೂ ಮೂವರು ಅಭ್ಯಾಸಬಲದಿಂದ ಹಾಗೆಯೇ ಬರೆದು ತಂದಿದ್ದರು. ಕತ್ತರಿಯ ಮೇಲೆ ಅವರಿಗೆ ಅಷ್ಟು ನಂಬಿಕೆ.

ಆ ಸಂಜೆ ಸಂಪಾದಕಿ ಬಂದು ಕೂತರು. ಎಡಗೆನ್ನೆ ಇನ್ನೂ ಸ್ವಲ್ಪ ಊದಿತ್ತು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಮೀಸೆ ತಿದ್ದಿಕೊಂಡು, ತಮ್ಮ ಕಲಿಸುವ ಕ್ರಮವನ್ನು ಗತ್ತಿನಿಂದ ವಿವರಿಸಿದರು. "ಈಗ ನಿಮ್ಮ ಕಣ್ಣೆದುರಿಗೇ ತೋರಿಸ್ತೀನಿ ಮೇಡಂ" ಎಂದು ಮೇಜಿನ ಮೇಲೆ ಕೈಯಾಡಿಸಿದರು. ಕತ್ತರಿ ಇರಲಿಲ್ಲ.

"ಒಂದೇ ನಿಮಿಷ" ಎಂದು ಕೆಳಗೆ ಓಡಿದರು. ಅಕ್ಕ ಮೊಣಕೈತನಕ ನೀಲಿ ಬಟ್ಟೆಯಲ್ಲಿ ಮುಳುಗಿದ್ದಳು. ಕತ್ತರಿ ಅವಳ ಕೈಯಲ್ಲೇ ಇತ್ತು.

"ಅಕ್ಕ, ಕತ್ತರಿ ಕೊಡು, ಬೇಗ."

"ಅರ್ಧ ಪ್ಯಾಂಟಲ್ಲಿದೀನಿ. ಈಗ ಕೈ ಎತ್ತಿದ್ರೆ ಮಗುವಿಗೆ ಒಂದು ಕಾಲು ಗಿಡ್ಡ ಆಗುತ್ತೆ. ಹೋಗು, ಮುಗಿಸಿ ನಾನೇ ತಂದ್ಕೊಡ್ತೀನಿ."

"ಅಕ್ಕ, ನನ್ನ ಜೀವನದ ಪ್ರಶ್ನೆ!"

"ಆ ಮಗುವಿಂದೂ ಜೀವನಾನೇ" ಎಂದು ಅಕ್ಕ ತಲೆ ಎತ್ತದೆ ಹೇಳಿದಳು.

ಮೇಷ್ಟ್ರು ಪೆಚ್ಚುಮೋರೆ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿರುವಾಗಲೇ ಮೇಲಿನಿಂದ ಸಂಪಾದಕಿಯ ದನಿ ಕೇಳಿಸಿತು. ಸುಮ್ಮನೆ ಕೂರಲಾಗದೆ ಅವರು ಡಾಕ್ಟರ ಹಾಳೆಯನ್ನು ತಾವೇ ಎತ್ತಿಕೊಂಡು, ಮೇಲಿಂದಲೇ ಓದತೊಡಗಿದ್ದರು. ಬಾಗಿಲಿಗೆ ಬಂದ ಮೇಷ್ಟ್ರಿಗೆ ಮೂವರು ಶಿಷ್ಯರ ಮುಖ ಕಂಡಿತು. ಮೂವರೂ ಮೂಲೆಯ ಬೊಂಬೆಗಳ ಹಾಗೆ ನಿಶ್ಚಲವಾಗಿದ್ದರು.

"'ಇವತ್ತು ಒಬ್ಬರ ಒಳ್ಳೆಯ ಹಲ್ಲನ್ನು ಕಿತ್ತೆ,'" ಎಂದು ಸಂಪಾದಕಿ ಓದಿದರು. "'ಕೆಟ್ಟ ಹಲ್ಲು ಪಕ್ಕದಲ್ಲೇ ಏನೂ ಅರಿಯದ ಹಾಗೆ ಕೂತಿತ್ತು. ಅವರು ಎದ್ದು, ನೋವು ಪೂರ್ತಿ ಹೋಯ್ತು ಡಾಕ್ಟರೇ, ನಿಮ್ಮ ಕೈಗುಣ ದೊಡ್ಡದು ಎಂದರು. ನೋವು ಎಲ್ಲಿಗೆ ಹೋಯಿತೋ ನನಗೆ ತಿಳಿಯದು. ಬಹುಶಃ ನನಗೇ ಬಂತು. ಯಾಕೆಂದರೆ ಈಗ ಫೋನು ಕೂಗಿದಾಗಲೆಲ್ಲ ನನ್ನ ದವಡೆ ಅದುರುತ್ತದೆ. ಕಿತ್ತ ಹಲ್ಲು ಜೇಬಿನಲ್ಲಿದೆ. ಎಂಥ ಚೆಂದದ ಹಲ್ಲು! ಎಸೆಯಲು ಮನಸ್ಸಾಗದು, ವಾಪಸು ಕೊಡಲು ಮುಖವಿಲ್ಲ.'"

ಸಂಪಾದಕಿ ನಿಲ್ಲಿಸಿದರು. ಅವರ ಕೈ ಮೆಲ್ಲಗೆ ಎಡಗೆನ್ನೆಗೆ ಹೋಯಿತು.

"ಡಾಕ್ಟ್ರೇ, ಇದು ಯಾವತ್ತು ನಡೆದದ್ದು?"

"ಕಲ್ಪನೆ ಮೇಡಂ! ಪೂರ್ತಿ ಕಲ್ಪನೆ!" ಡಾಕ್ಟರು ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಸಂಪಾದಕಿ ಅವರನ್ನು ಒಂದು ಕ್ಷಣ ದುರುಗುಟ್ಟಿ ನೋಡಿದರು. ಆಮೇಲೆ, ಕೋಪಕ್ಕಿಂತ ಕುತೂಹಲವೇ ಗೆದ್ದು, "ಆಮೇಲೆ?" ಎಂದರು.

ಆ ರೂಮಿನಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಆಮೇಲೆ ಏನು? ಆಮೇಲೆ ಸಿಂಹಾಸನ ಬಂತು, ಮಹಾರಾಜರು ಏಳತೊಡಗಿದರು. ಸಂಪಾದಕಿ ಮೂರು ಸಾಲು ಓದಿ, ಆಕಳಿಕೆ ಬಂದು, ಆಕಳಿಸಲು ಹೋಗಿ ಹಲ್ಲು ನೊಂದು, ಹಾಳೆ ಕೆಳಗಿಟ್ಟರು. ಲಿಫ್ಟಿನವನು ತನ್ನ ಹಾಳೆಯನ್ನು ಸದ್ದಿಲ್ಲದೆ ತೊಡೆಯ ಕೆಳಗೆ ಸೇರಿಸುತ್ತಿದ್ದ. ಸಂಪಾದಕಿ ಕೈ ಚಾಚಿದರು. ಅವನು ಅದನ್ನು ಎಳೆದು ಕೊಟ್ಟ.

"'ಲಿಫ್ಟು ಎರಡು ಮಹಡಿಯ ಮಧ್ಯೆ ನಿಂತಿತ್ತು. ಒಳಗೆ ಗಂಡ ಹೆಂಡತಿ. ನಾನು ಹೋಗುವಷ್ಟರಲ್ಲಿ ಜಗಳ ಕಾವೇರಿತ್ತು. ಅವನ ತಂಗಿಯ ಮದುವೆಯಲ್ಲಿ ಇವಳು ಯಾಕೆ ನಗಲಿಲ್ಲ ಎಂಬುದು ವಿಷಯ. ತಂತಿ ಸಿಕ್ಕಿಕೊಂಡಿತ್ತು, ಚಿಟಿಕೆ ಹೊಡೆಯುವಷ್ಟರಲ್ಲಿ ಸರಿಮಾಡಿದೆ. ಆದರೆ ಹೆಂಡತಿ ಆಗಷ್ಟೇ, ಯಾಕೆ ನಗಲಿಲ್ಲ ಅಂತ ಹೇಳಲಾ, ಕೇಳಿಸಿಕೊಳ್ಳುವ ಧೈರ್ಯ ಇದೆಯಾ ಎಂದಳು. ಈಗ ಬಾಗಿಲು ತೆರೆದರೆ ನನಗೆ ಆ ಕಾರಣ ಜನ್ಮದಲ್ಲಿ ಗೊತ್ತಾಗದು. ಸ್ಪ್ಯಾನರಿನಿಂದ ಕಂಬಿಗೆ ಟಣ್ ಟಣ್ ಬಡಿಯುತ್ತ, ಇನ್ನೂ ಸ್ವಲ್ಪ ಹೊತ್ತಾಗುತ್ತೆ ಸಾರ್ ಎಂದು ಕೂಗಿದೆ.'"

"ಯಾಕೆ ನಗಲಿಲ್ವಂತೆ?" ಎಂದು ಬಾಗಿಲ ಕಡೆಯಿಂದ ದನಿ ಬಂತು. ಅಕ್ಕ ಕತ್ತರಿ ಹಿಡಿದುಕೊಂಡು ಬಂದು ನಿಂತಿದ್ದಳು. ಯಾವಾಗ ಬಂದಳೋ, ಓದುವುದರಲ್ಲಿ ಯಾರೂ ನೋಡಿರಲಿಲ್ಲ.

"ಅದು... ಮುಂದೆ ಚಂದ್ರ ಬರ್ತಾನೆ ಅಕ್ಕ" ಎಂದ ಲಿಫ್ಟಿನವನು ತಲೆತಗ್ಗಿಸಿ.

"ಚಂದ್ರನ್ನ ತಗೊಂಡು ನಾನೇನ್ ಮಾಡ್ಲಿ? ಅವಳು ಯಾಕೆ ನಗಲಿಲ್ಲ ಹೇಳು!"

ಮೇಷ್ಟ್ರು ಕಕ್ಕಾಬಿಕ್ಕಿಯಾಗಿ ನಿಂತೇ ಇದ್ದರು. ಅಷ್ಟರಲ್ಲಿ ಸಂಪಾದಕಿ ಕ್ಯಾಷಿಯರಮ್ಮನ ಹಾಳೆಗೆ ಕೈ ಹಾಕಿದರು. ಕ್ಯಾಷಿಯರಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"'ನಮ್ಮ ಮೇಷ್ಟ್ರ ಮೀಸೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಕಥೆ ಓದುವಾಗ ನಾನು ಅದನ್ನೇ ನೋಡುತ್ತಿರುತ್ತೇನೆ, ನಗು ಬರುವಷ್ಟರಲ್ಲಿ ಓದಿ ಮುಗಿಸಬೇಕಲ್ಲ, ಅದಕ್ಕೇ ನನ್ನ ಕಥೆಯಲ್ಲಿ ಎಲ್ಲರೂ ಬೇಗ ಸಾಯುವುದು.'" ಅಕ್ಕ ಕಿಸಕ್ಕನೆ ನಕ್ಕಳು. ಮೇಷ್ಟ್ರ ಕೈ ಮೀಸೆಗೆ ಹೋಯಿತು. ಸಂಪಾದಕಿ ಮುಂದುವರಿಸಿದರು. "'ಹೋದ ವಾರ ಲೈಬ್ರರಿಯಲ್ಲಿ ಇವರ ಕಾದಂಬರಿ ಸಿಕ್ಕಿತು. ಬಸ್ಸಿನಲ್ಲಿ ಕೂತು ಮೊದಲ ಪ್ಯಾರಾ ಓದಿದೆ. ಮತ್ತೆ ಓದಿದೆ. ತಲೆ ಎತ್ತಿ ನೋಡಿದರೆ ನನ್ನ ಸ್ಟಾಪು ದಾಟಿಹೋಗಿತ್ತು. ಇಂಥ ಮೊದಲ ಪ್ಯಾರಾ ಬರೆದ ಮನುಷ್ಯ ನಮ್ಮದನ್ನೆಲ್ಲ ಯಾಕೆ ಕತ್ತರಿಸುತ್ತಾರೆ? ಪಾಪ, ಯಾರೋ ಇವರಿಗೆ ಏನೋ ಅಂದಿರಬೇಕು.'"

ಹೌದು, ಯಾರೋ ಏನೋ ಅಂದಿದ್ದರು. ಕಾದಂಬರಿ ಬಂದ ಹೊಸದರಲ್ಲಿ ಒಂದು ಸಣ್ಣ ಪತ್ರಿಕೆಯಲ್ಲಿ ಯಾರೋ ಒಬ್ಬ ವಿಮರ್ಶಕ, 'ಈ ಕಾದಂಬರಿ ಎರಡನೆಯ ಪ್ಯಾರಾದಿಂದ ಶುರುವಾಗಿದ್ದರೆ ಒಳ್ಳೆಯದಿತ್ತು' ಎಂದು ಬರೆದಿದ್ದ. ಅಷ್ಟೇ. ಆ ಪತ್ರಿಕೆ ಆಮೇಲೆ ಮುಚ್ಚಿಹೋಯಿತು, ವಿಮರ್ಶಕ ಎಲ್ಲಿಗೆ ಹೋದನೋ ಯಾರಿಗೂ ತಿಳಿಯದು. ಬಹುಶಃ ಊಟದ ಹೊತ್ತಿಗೆ ತಡವಾಗಿ, ಏನಾದರೊಂದು ಬರೆದು ಮುಗಿಸೋಣವೆಂದು ಆ ಸಾಲು ಗೀಚಿರಬೇಕು. ಮೇಷ್ಟ್ರು ಮಾತ್ರ ಆ ಒಂದು ಸಾಲನ್ನು ಎದೆಯಲ್ಲಿಟ್ಟುಕೊಂಡು, ಅದನ್ನೇ ವಿದ್ಯೆ ಎಂದು ನಂಬಿ, ಕೈಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸುತ್ತ ಬಂದಿದ್ದರು. ಇದನ್ನು ಯೋಚಿಸಿದಾಗ ಅವರಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಅಳು ಬಂದ ಹಾಗಾಯಿತು. ಶಿಷ್ಯರ ಮುಂದೆ ಅಳಬಾರದೆಂದು ಅವರು ಗಟ್ಟಿಯಾಗಿ ಸೀನಿದರು.

"ಮೇಷ್ಟ್ರೇ," ಎಂದರು ಸಂಪಾದಕಿ, "ಸುಳ್ಳು ಯಾಕೆ ಹೇಳ್ಲಿ? ಇವರ ಕಥೆ ಯಾವುದೂ ಬೇಡ. ಈ ಮೂರು ಪ್ಯಾರಾ ಕೊಡಿ, ಹೀಗೇ ಹಾಕ್ತೀನಿ. ಇಂಥದ್ದು ಇನ್ನೂ ಇದ್ರೆ ವಾರ ವಾರ ಹಾಕ್ತೀನಿ. ಹಿಂದಿನ ವಾರಗಳದ್ದು ಎಲ್ಲಿದೆ?"

"ನನ್ನ ಹೆಸರು ಹಾಕ್ಬೇಡಿ" ಎಂದರು ಕ್ಯಾಷಿಯರಮ್ಮ ಬೆರಳ ಸಂದಿಯಿಂದ. "ನನ್ನದೂ ಬೇಡ" ಎಂದರು ಡಾಕ್ಟರು ಇನ್ನೂ ಜೇಬು ಬಿಡದೆ.

"ಹಿಂದಿನದ್ದೆಲ್ಲ ಕತ್ತರಿಸಿ ಬಿಸಾಕಿದೀನಿ ಮೇಡಂ" ಎಂದು ಮೇಷ್ಟ್ರು ಕುಸಿದು ಕುರ್ಚಿಯ ಮೇಲೆ ಕೂತರು. ಕಾಲು ಗಾಳಿಯಲ್ಲಿ ತೂಗಾಡಿತು.

ಅಕ್ಕ ಆ ಕಾಲನ್ನು ನೋಡಿದಳು. ದಿಂಬನ್ನು ನೋಡಿದಳು.

"ಏಳೋ ಮೇಲೆ" ಎಂದಳು.

"ಯಾಕೆ?"

"ಏಳು ಅಂದ್ರೆ ಏಳು."

ಮೇಷ್ಟ್ರು ಇಳಿದರು. ಅಕ್ಕ ದಿಂಬನ್ನು ಮೇಜಿನ ಮೇಲೆ ಮಲಗಿಸಿ, ಕತ್ತರಿಯಿಂದ ಈ ತುದಿಯಿಂದ ಆ ತುದಿಗೆ ಕರ್ರನೆ ಸೀಳಿದಳು. ಒಳಗಿನಿಂದ ಬಣ್ಣಬಣ್ಣದ ಚಿಂದಿಯ ಜೊತೆಗೆ ಕಾಗದದ ಪಟ್ಟಿಗಳು ಬುಸ್ಸೆಂದು ಉಕ್ಕಿದವು. ಫ್ಯಾನಿಗೆ ಅದೆಲ್ಲಿತ್ತೋ ಶಕ್ತಿ, ಆಗಲೇ ಜೋರಾಗಿ ತಿರುಗಬೇಕೇ! ವರ್ಷಗಳ ಮೊದಲ ಪ್ಯಾರಾಗಳು ರೂಮಿನ ತುಂಬ ಹಾರಾಡಿ ಮೇಜು, ಥಾನು, ಬೊಂಬೆ, ಡಾಕ್ಟರ ತಲೆ ಎಲ್ಲದರ ಮೇಲೂ ಬಂದು ಕೂತವು.

"ಫ್ಯಾನ್ ಆರಿಸಿ!" ಎಂದು ಮೇಷ್ಟ್ರು ಕೂಗಿದರು.

ಎಲ್ಲರೂ ನೆಲಕ್ಕೆ ಕೈ ಹಾಕಿದರು. "ಇದು ನಂದು!" "ಅಯ್ಯೋ, ಇದನ್ನ ಓದ್ಬೇಡಿ, ನಮ್ಮತ್ತೆ ವಿಷಯ!" "ಮೇಡಂ, ಆ ಹಲ್ಲಿಂದು ಕೊಟ್ಬಿಡಿ!" ಸಂಪಾದಕಿ ಕೊಡಲಿಲ್ಲ. ಕೆನ್ನೆ ಹಿಡಿದುಕೊಂಡು, ನಗುತ್ತ, ನಕ್ಕರೆ ನೋಯುತ್ತ, ನೊಂದರೂ ನಗುತ್ತ ಓದುತ್ತಲೇ ಇದ್ದರು.

ಅಕ್ಕ ಒಂದು ಪಟ್ಟಿಯನ್ನು ಎತ್ತಿ, ಕನ್ನಡಕ ಏರಿಸಿ ನೋಡಿದಳು.

"ಇದು ನಿನ್ನ ಅಕ್ಷರ ಅಲ್ವಾ?"

ಮೇಷ್ಟ್ರು ಕಸಿದುಕೊಳ್ಳಲು ಕೈ ಚಾಚಿದರು. ಅಕ್ಕ ಕತ್ತರಿಯನ್ನು ಅಡ್ಡ ಹಿಡಿದು, ಎಲ್ಲರಿಗೂ ಕೇಳುವಂತೆ ಓದಿದಳು.

"'ಅಕ್ಕ ಹೊಲಿದ ಮೊಟ್ಟಮೊದಲ ಅಂಗಿಗೆ ಎರಡೂ ಎಡತೋಳೇ ಇದ್ದವು. ತಮ್ಮ ಅದನ್ನು ಹಾಕಿಕೊಂಡು ಸ್ಕೂಲಿಗೆ ಹೋದ. ಬಲಗೈ ದಿನವಿಡೀ ಹಿಂದಕ್ಕೇ ಎಳೆಯುತ್ತಿತ್ತು, ಬೆನ್ನಹಿಂದೆ ಯಾರನ್ನೋ ಕರೆಯುತ್ತಿದ್ದಾನೇನೋ ಎಂಬ ಹಾಗೆ. ಹುಡುಗರು ಬಿದ್ದು ಬಿದ್ದು ನಕ್ಕರು. ಕ್ಲಾಸಿನ ಮೇಷ್ಟ್ರೂ ನಕ್ಕರು. ಅವನು ಅಂಗಿ ಬಿಚ್ಚಲಿಲ್ಲ. ಸಂಜೆ ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಎಲ್ಲರೂ ಏನಂದರು ಎಂದು ಕೇಳಿದಳು.'"

ಅಲ್ಲಿಗೆ ಕತ್ತರಿಸಿತ್ತು. ಅಕ್ಕ ಹಾಳೆಯನ್ನು ತಿರುವಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

"ಎಲ್ಲರೂ ನಕ್ಕಿದ್ರಾ?" ಎಂದಳು. ಅವಳ ದನಿ ಮೆತ್ತಗಾಗಿತ್ತು. "ನನಗೆ ನೀನು ಹೇಳ್ಲೇ ಇಲ್ವಲ್ಲೋ."

ಮೇಷ್ಟ್ರು ಅಂಗಿಯ ತೋಳನ್ನು ಎಳೆದುಕೊಂಡರು.

"ಆಮೇಲೆ? ಅವನು ಅಕ್ಕನಿಗೆ ಏನಂದ?"

"ಬರ್ದಿದ್ದೆ ಅಕ್ಕ" ಎಂದರು ಮೇಷ್ಟ್ರು. "ಮಾರನೇ ದಿನ ಅದನ್ನೂ ಕತ್ತರಿಸ್ದೆ. ಇಲ್ಲೇ ಎಲ್ಲೋ ಇರ್ಬೇಕು."

"ಬಾಯಲ್ಲಿ ಹೇಳ್ಬಾರ್ದಾ?"

"ಹೇಳಿದ್ರೆ ಕೆಡುತ್ತೆ. ಓದ್ಬೇಕು."

ಅಕ್ಕ ಖಾಲಿ ಕುರ್ಚಿ ಹತ್ತಿ, ಕತ್ತರಿಯನ್ನು ಕಿಟಕಿಯ ಮೇಲಿನ ಹಲಗೆಯಲ್ಲಿ, ತಮ್ಮನ ಕೈಗೆ ನಿಲುಕದಷ್ಟು ಎತ್ತರದಲ್ಲಿಟ್ಟಳು. ಆಮೇಲೆ ಮಂಡಿಯೂರಿ, ಚಿಂದಿಯನ್ನು ಒಂದು ಕಡೆ, ಕಾಗದವನ್ನು ಒಂದು ಕಡೆ ಸರಿಸತೊಡಗಿದಳು.

"ಬಾ, ಹುಡುಕು" ಎಂದಳು. "ಮೆಷಿನ್ನ ಅಡುಗೆಮನೇಲಿ ಇಟ್ಕೊಂಡು ಹೊಲೀತೀನಿ."

ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿಯಲ್ಲೇ ನೆಲಕ್ಕೆ ಕೂತರು. ಬಹಳ ದಿನಗಳ ಮೇಲೆ ಅವರ ಕಾಲು ನೆಲಕ್ಕೆ ತಾಗಿತ್ತು.